ದುಡ್ಡು ಕೊಟ್ಟು ಹೊರುವ ಮೂಟೆ

ನಾನು ಜಿಮ್ಮಿಗೆ ವರ್ಷದ ಶುಲ್ಕ ಕಟ್ಟಿದ್ದು ತಿಳಿದಾಗ, ಎಪಿಎಂಸಿಯಲ್ಲಿ ಹಮಾಲಿ ಮಾಡುವ ಅಪ್ಪ ಕೇಳಿದ್ದು ಒಂದೇ ಮಾತು: “ದುಡ್ಡು ಕೊಟ್ಟು ಮೂಟೆ ಹೊರ್ತೀಯೇನೋ?”

ಆಗ ನಾನು ಸಂಶೋಧನೆಗಾಗಿ, 1979ರಲ್ಲಿ ಪ್ರಕಟವಾದ ಪಿಯರ್ ಬೋರ್ದಿಯು ಅವರ ‘ಡಿಸ್ಟಿಂಕ್ಷನ್’ ಓದುತ್ತಿದ್ದೆ. 1960ರ ದಶಕದ ಫ್ರಾನ್ಸಿನ ಸಮೀಕ್ಷೆಗಳನ್ನು ಆಧರಿಸಿದ ಈ ಕೃತಿಯ ಪ್ರಕಾರ ಊಟ, ಉಡುಪು, ಆಟ ಯಾವುದರ ಆಯ್ಕೆಯೂ ಬರೀ ವೈಯಕ್ತಿಕ ರುಚಿಯಲ್ಲ. ಅದರಲ್ಲಿ ವರ್ಗದ ಗುರುತಿದೆ. ದುಡಿದು ದಣಿದ ಮೈಗೆ ವ್ಯಾಯಾಮಕ್ಕಾಗಿಯೇ ವ್ಯಾಯಾಮ ಅರ್ಥವಿಲ್ಲದ್ದು. ನಾಳಿನ ಫಲಕ್ಕಾಗಿ ಇಂದು ಬೆವರುವುದು ಮಧ್ಯಮವರ್ಗದ ನಂಬಿಕೆ. ಅಪ್ಪನ ಪ್ರಶ್ನೆಯನ್ನು ಬೋರ್ದಿಯು ಮೊದಲೇ ಕೇಳಿಸಿಕೊಂಡಂತಿತ್ತು.

ಆದರೂ ಈ ವಿಶ್ಲೇಷಣೆ ನನ್ನನ್ನು ಪೂರ್ತಿ ವಿವರಿಸುವುದಿಲ್ಲ. ಫೆಲೋಶಿಪ್ ತಡವಾದ ತಿಂಗಳಲ್ಲೂ ನಾನು ಸಾಲ ಮಾಡಿ ಪ್ರೋಟೀನ್ ಡಬ್ಬಿ ಕೊಂಡೆ. ಹಾಸ್ಟೆಲಿನ ಗೆಳೆಯರ ನಡುವೆ ಎದ್ದು ಕಾಣಲು ಅಲ್ಲ, ಬೇರೆಯವನಾಗಿ ಕಾಣದಿರಲು. ಕೆಳಗಿನಿಂದ ಹತ್ತುವವರ ಆಸೆಯನ್ನು ಬೋರ್ದಿಯು ಬಲ್ಲರು. ಆದರೆ ನಮ್ಮಲ್ಲಿ ಹೆಗಲಿಗೆ ಜಾತಿಯ ಚರಿತ್ರೆಯೂ ಇದೆ. ಯಾರು ಹೊರಬೇಕು, ಯಾರು ಹೊರಿಸಬೇಕು ಎಂಬುದು ಹುಟ್ಟಿನಿಂದಲೇ ನಿಗದಿಯಾಗುತ್ತಿದ್ದ ಚರಿತ್ರೆ ಅದು. ಅವರ ಫ್ರಾನ್ಸಿನ ನಕ್ಷೆಯಲ್ಲಿ ಅದಕ್ಕೆ ಜಾಗವಿಲ್ಲ. ಹಾಗಾಗಿ ಬೋರ್ದಿಯುವನ್ನು ಇಲ್ಲಿ ಓದುವವರು ವರ್ಗದ ಪಕ್ಕದಲ್ಲಿ ಇನ್ನೊಂದು ಪದವನ್ನು ತಾವೇ ಬರೆದುಕೊಳ್ಳಬೇಕು.

ಮೂವತ್ತು ವರ್ಷ ಮೂಟೆ ಹೊತ್ತು ಜಡ್ಡುಗಟ್ಟಿದ ಅಪ್ಪನ ಹೆಗಲನ್ನು ಯಾರೂ ಫಿಟ್‌ನೆಸ್ ಎನ್ನಲಿಲ್ಲ. ಆರು ತಿಂಗಳ ನನ್ನ ತೋಳನ್ನು ಎನ್ನುತ್ತಾರೆ. ನಾನು ಶುಲ್ಕ ಕಟ್ಟಿದ್ದು ಈ ವ್ಯತ್ಯಾಸಕ್ಕೆ. ಅಪ್ಪನಿಗೆ ಇದನ್ನು ಇನ್ನೂ ಹೇಳಿಲ್ಲ.