ಕ್ಷೇಮವೆಂಬ ಒಕ್ಕಣೆ: ಸೈನಿಕರ ಪತ್ರಗಳು ಮತ್ತು ಸೆನ್ಸಾರ್

‘ಉಭಯ ಕುಶಲೋಪರಿ ಸಾಂಪ್ರತ’ ಎಂಬುದು ಕನ್ನಡ ಪತ್ರಲೇಖನದ ಹಳೆಯ ರೂಢಿ. ವಿಮರ್ಶೆಯು ಇಂಥ ಒಕ್ಕಣೆಗಳನ್ನು ಅರ್ಥ ಸವೆದ ಶಿಷ್ಟಾಚಾರವೆಂದು ಬದಿಗಿರಿಸುವುದೇ ಹೆಚ್ಚು. ಆದರೆ ಪತ್ರವನ್ನು ಮನೆಯವರಿಗಿಂತ ಮೊದಲು ಅಧಿಕಾರಿಯೊಬ್ಬ ಓದುತ್ತಾನೆಂಬುದನ್ನು ಬಲ್ಲ ಸೈನಿಕನ ಬರಹದಲ್ಲಿ ‘ಕ್ಷೇಮ’ ಎಂಬ ಪದದ ಭಾರವೇ ಬೇರೆ.

ಈ ಸಂಗತಿಯನ್ನು ಮನಗಾಣಲು ಮೊದಲ ಮಹಾಯುದ್ಧದ ಕಡತಗಳು ನೆರವಾಗುತ್ತವೆ. 1914ರಲ್ಲಿ ಭಾರತೀಯ ಪಡೆಗಳು ಫ್ರಾನ್ಸಿಗೆ ಬಂದಿಳಿದ ಮೇಲೆ, ಗದರ್ ಪಕ್ಷದಂಥ ಕ್ರಾಂತಿಕಾರಿಗಳ ಬರಹಗಳು ಸಿಪಾಯಿಗಳನ್ನು ತಲುಪಬಹುದೆಂಬ ಭೀತಿಯಿಂದ ಬೂಲೋನ್ ಪಟ್ಟಣದಲ್ಲಿ ಅಂಚೆ ಸೆನ್ಸಾರ್ ಕಚೇರಿ ಸ್ಥಾಪನೆಯಾಯಿತು. ಅದರ ಮೊದಲ ಮುಖ್ಯಸ್ಥ ಇ. ಬಿ. ಹೊವೆಲ್. ಪತ್ರಗಳ ಆಯ್ದ ಭಾಗಗಳನ್ನು ಇಂಗ್ಲಿಷಿಗೆ ಅನುವಾದಿಸಿ ವರದಿಗಳೊಂದಿಗೆ ಮೇಲಧಿಕಾರಿಗಳಿಗೆ ಕಳುಹಿಸಲಾಗುತ್ತಿತ್ತು. ಇಂದು ಬ್ರಿಟಿಷ್ ಲೈಬ್ರರಿಯಲ್ಲಿರುವ ಈ ವರದಿಗಳಿಂದ ಡೇವಿಡ್ ಒಮಿಸ್ಸಿ 600ಕ್ಕೂ ಹೆಚ್ಚು ಪತ್ರಗಳನ್ನು ಆಯ್ದು 1999ರಲ್ಲಿ ಸಂಕಲಿಸಿದರು.

ಸಂಕಲನದ ಮಹತ್ವ ನಿರ್ವಿವಾದ. ಆದರೂ ಅದನ್ನು ಸಿಪಾಯಿಯ ನೇರ ಧ್ವನಿಯೆಂದು ಓದುವುದು ಆತುರದ ಮಾತಾದೀತು. ಅನೇಕ ಸಿಪಾಯಿಗಳು ನಿರಕ್ಷರಿಗಳು. ಅವರು ಹೇಳಿದ್ದನ್ನು ಬೇರೊಬ್ಬರು ಬರೆದರು, ಅಧಿಕಾರಿ ಆಯ್ದನು, ಅನುವಾದಕ ಭಾಷೆ ಬದಲಿಸಿದನು. ಉಳಿದಿರುವುದು ಅಧಿಕಾರಿಯ ಕಣ್ಣಿಗೆ ಗಮನಾರ್ಹವೆನಿಸಿದ ಭಾಗ. ಬರೀ ಕ್ಷೇಮ ತಿಳಿಸಿದ ಕಾಗದ ಆ ಜರಡಿಯಲ್ಲಿ ನಿಲ್ಲುವುದು ಕಷ್ಟ. ಪಂಜಾಬಿನ ಸಿಪಾಯಿಗಳ ಪತ್ರಗಳೇ ಬಹುಪಾಲಾಗಿರುವ ಈ ಸಂಗ್ರಹದಿಂದ ಕನ್ನಡ ಸೀಮೆಯ ಅನುಭವವನ್ನು ಊಹಿಸುವುದೂ ಅಪಾಯಕರ.

ಸೆನ್ಸಾರಿನ ಅರಿವು ಬರಹವನ್ನು ಬಡವಾಗಿಸಿತೆಂದೂ ಹೇಳಲಾಗದು. ಭಾರತೀಯ ಸಿಪಾಯಿಗಳನ್ನು ಕರಿಮೆಣಸೆಂದೂ ಬಿಳಿಯರನ್ನು ಕೆಂಪು ಮೆಣಸಿನಕಾಯಿಯೆಂದೂ ಕರೆದು ಸಾವುನೋವನ್ನು ಸೂಚಿಸಿದ ಪತ್ರಗಳುಂಟು. ಮೆಣಸಿನಕಾಯಿ ಬೆಳೆಯುವ ಕುಂದಗೋಳ, ನವಲಗುಂದ, ಅಣ್ಣಿಗೇರಿಯ ಓದುಗರಿಗೆ ಈ ರೂಪಕದ ಖಾರ ವಿವರಿಸಬೇಕಿಲ್ಲ. ಒಗಟನ್ನು ಬಲ್ಲ ಸಮಾಜ ಸೆನ್ಸಾರನ್ನು ಒಗಟಿನಿಂದಲೇ ಎದುರಿಸಿತು.

ಸ್ವಾತಂತ್ರ್ಯಾನಂತರವೂ ಗೋಪ್ಯತೆಯ ನಿಯಮ ಅಳಿಯಲಿಲ್ಲ. ‘56 ಎ.ಪಿ.ಓ.’, ‘99 ಎ.ಪಿ.ಓ.’ ಎಂಬ ವಿಳಾಸಗಳು ಸೈನಿಕನ ಘಟಕವನ್ನು ಹೇಳಿದರೂ ಅವನಿರುವ ಸ್ಥಳವನ್ನು ಹೇಳುವುದಿಲ್ಲ. 2016ರ ಫೆಬ್ರವರಿಯಲ್ಲಿ ಸಿಯಾಚಿನ್ ಹಿಮಪಾತಕ್ಕೆ ಸಿಲುಕಿ, ಆರು ದಿನಗಳ ಬಳಿಕ ಜೀವಂತವಾಗಿ ದೊರೆತು, 11ರಂದು ದೆಹಲಿಯಲ್ಲಿ ಕೊನೆಯುಸಿರೆಳೆದ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಕುಂದಗೋಳ ತಾಲೂಕಿನ ಬೆಟದೂರಿನವರು. ಕಾವಲುಠಾಣೆಯ ಹೆಸರು ನಾಡಿಗೆಲ್ಲ ತಿಳಿಯಲು ಇಂಥ ದುರಂತವೇ ನಡೆಯಬೇಕಾಗುತ್ತದೆ.

ಆದ್ದರಿಂದ ಈ ಭಾಗದ ಮನೆಗಳ ಟ್ರಂಕುಗಳಲ್ಲಿ ಉಳಿದಿರಬಹುದಾದ ಸೈನಿಕರ ಕಾಗದಗಳನ್ನು ಸಂಗ್ರಹಿಸುವವರು ವೀರಗಾಥೆಯನ್ನಷ್ಟೇ ಹುಡುಕಬಾರದು. ಅಕ್ಷರ ಯಾರದು, ಎರಡು ಪತ್ರಗಳ ನಡುವಿನ ಅಂತರವೆಷ್ಟು, ಮಳೆ-ಬೆಳೆಯ ವಿಚಾರಣೆಯ ನಡುವೆ ಬಿಟ್ಟುಹೋದ ಮಾತು ಯಾವುದು ಎಂಬುದನ್ನೂ ದಾಖಲಿಸಬೇಕು. ಸೆನ್ಸಾರಿನ ಕಡತ ಆಡಿದ ಮಾತನ್ನು ಉಳಿಸಿತು. ಆಡದ ಮಾತು ಉಳಿದಿರುವುದು ‘ಕ್ಷೇಮ’ದ ಕಾಗದಗಳಲ್ಲಿ.