ಗೋಡೆಯಿಲ್ಲದ ಚಾವಡಿ

ಕರಾವಳಿ, ಮಲೆನಾಡಿನ ಹೊಸ ಮನೆಗಳ ಅಂಗಳದಲ್ಲಿ ಮರದ ಚಾವಡಿ ಕಟ್ಟಿಸುವ ಹುಚ್ಚು ಈಗ ಜೋರಾಗಿದೆ. ಕೆಡವಿದ ಹಳೆ ಮನೆಯಿಂದ ತಂದ ನಾಲ್ಕು ಕೆತ್ತನೆ ಕಂಬ, ಮೇಲೆ ಮಂಗಳೂರು ಹೆಂಚು, ಸುತ್ತಲೂ ಬಯಲು. ಫೋಟೋದಲ್ಲಿ ಚೆಂದ ಬರುತ್ತದೆ. ಆದರೆ ಕಂಬಕ್ಕೆ ಹೆಗಲು ಕೊಟ್ಟು ತಳ್ಳಿದರೆ ಮಾಡು ತುಸು ಓಲಾಡುವ ಚಾವಡಿಗಳೂ ಇವೆ. ತಪ್ಪು ಮರದ್ದಲ್ಲ, ನಕ್ಷೆಯದ್ದು.

ಆ ಕಂಬಗಳು ಮೊದಲು ನಿಂತಿದ್ದ ಕಡೆ ಅವಕ್ಕೆ ಒಂದೇ ಕೆಲಸ, ಭಾರ ಹೊರುವುದು. ಮಾಡು ಪಕ್ಕಕ್ಕೆ ವಾಲದಂತೆ ಹಿಡಿದಿದ್ದು ಬೆನ್ನಿಗಿದ್ದ ಮಣ್ಣಿನ ಅಥವಾ ಮುರಕಲ್ಲಿನ ಗೋಡೆ. ಶ್ರೀರಂಗಪಟ್ಟಣದಲ್ಲಿ 1784ರ ದರಿಯಾ ದೌಲತ್ ಅರಮನೆ ನೋಡಿ: ಎಲ್ಲರ ಕಣ್ಣೂ ಜಗಲಿಯ ಮರದ ಕಂಬಗಳ ಮೇಲೆ, ಇಲ್ಲವೇ ಯುದ್ಧದ ಚಿತ್ರಗಳ ಮೇಲೆ. ಆ ಚಿತ್ರಗಳನ್ನು ಹೊತ್ತ ಗೋಡೆಯನ್ನು ಕಟ್ಟಡದ ಬಲವೆಂದು ನೋಡುವವರು ಕಡಿಮೆ. ನಮ್ಮ ಚಾವಡಿಯವರು ಕಂಬ ತಂದರು, ಗೋಡೆ ಬಿಟ್ಟರು.

ಗೋಡೆ ಬೇಡವೆಂದರೆ ಅದರ ಕೆಲಸವನ್ನು ಬೇರೆ ಯಾರಾದರೂ ಮಾಡಬೇಕು. ಕಂಬವೂ ತೊಲೆಯೂ ಕೂಡುವ ಮೂಲೆಗೆ ಓರೆಯಾಗಿ ಮರದ ಆಸರೆ ಕೊಡುವುದು ಯುರೋಪಿನ ಬಡಗಿಗಳ ದಾರಿ. ಜಪಾನಿನಲ್ಲಿ ಕಂಬಗಳನ್ನೇ ತೂರಿಕೊಂಡು ಹೋಗುವ ಅಡ್ಡಪಟ್ಟಿಗಳಿವೆ. ಓರೆ ಆಸರೆ ಇಟ್ಟರೆ 'ನಮ್ಮತನ' ಹೋಗುತ್ತದೆಂದು ಕೆಲವು ವಿನ್ಯಾಸಕಾರರು ಮುಖ ಸಿಂಡರಿಸುತ್ತಾರೆ. ಕಂಬದ ಬುಡಕ್ಕೆ ಕಾಂಕ್ರೀಟು ಸುರಿಯುವಾಗ ಈ ನಮ್ಮತನ ಎಲ್ಲಿರುತ್ತದೋ!

ಕಾಂಕ್ರೀಟಿನ ಗುಂಡಿಯೇ ನನ್ನ ದೊಡ್ಡ ತಕರಾರು. ಓಲಾಟ ತಡೆಯಲೆಂದು ಬುಡವನ್ನು ಹೂತುಬಿಡುತ್ತಾರೆ. ಮರ ಒಣಗಿ ಕುಗ್ಗಿದಾಗ ಸುತ್ತ ಸಂದಿ ಬೀಳುತ್ತದೆ, ಮಳೆನೀರು ಇಳಿದು ಅಲ್ಲೇ ನಿಲ್ಲುತ್ತದೆ. ಹಳಬರು ಕಂಬವನ್ನು ಕಲ್ಲಿನ ಪೀಠದ ಮೇಲೆ ಕೂರಿಸಿದ್ದು ಅಂದಕ್ಕಷ್ಟೇ ಅಲ್ಲ. ಬುಡಕ್ಕೆ ಗಾಳಿಯಾಡುತ್ತಿತ್ತು, ಗೆದ್ದಲು ಹತ್ತಿದರೆ ಕಣ್ಣಿಗೆ ಬೀಳುತ್ತಿತ್ತು. ಸೂರಿನ ಲೆಕ್ಕವೂ ಹಾಗೆಯೇ. ಗಾಳಿಮಳೆ ಓರೆಯಾಗಿ ಹೊಡೆಯುವ ಊರಿನಲ್ಲಿ ಕಂಬ ತೋರಲೆಂದು ಸೂರು ಕತ್ತರಿಸುವುದು ಶುದ್ಧ ಅವಿವೇಕ.

ತೊಲೆಯನ್ನೂ ಕಣ್ಣಳತೆಗೆ ಬಿಟ್ಟಿದ್ದಾರೆ. ನಾಲ್ಕು ಇಂಚು ಅಗಲ, ಎಂಟು ಇಂಚು ಎತ್ತರದ ತೊಲೆಯನ್ನು ನಿಲ್ಲಿಸಿ ಇಟ್ಟರೆ, ಮಲಗಿಸಿ ಇಟ್ಟದ್ದಕ್ಕಿಂತ ನಾಲ್ಕು ಪಟ್ಟು ಕಡಿಮೆ ಬಾಗುತ್ತದೆ. ಮರ ಅದೇ, ದುಡ್ಡೂ ಅಷ್ಟೇ.

ಮಣಿಪಾಲದ ಹಸ್ತಶಿಲ್ಪ ಪರಂಪರಾ ಗ್ರಾಮದಲ್ಲಿ ವಿಜಯನಾಥ ಶೆಣೈ ಹಳೆ ಮನೆಗಳನ್ನು ಬಿಚ್ಚಿ ತಂದು ಮತ್ತೆ ನಿಲ್ಲಿಸಿದರು. ಒಂದು ಮರದ ತುದಿಯನ್ನು ಇನ್ನೊಂದರ ತೂತಿಗೆ ಕೂರಿಸಿ, ಮರದ ಬೆಣೆ ಹೊಡೆದ ಕೂಡಿಕೆಯಾದರೆ ಬಿಚ್ಚಲು ಬರುತ್ತದೆ. ಕೆಟ್ಟ ಕಂಬವೊಂದನ್ನೇ ತೆಗೆದು ಬದಲಿಸಲೂ ಬರುತ್ತದೆ. ಇಂಥ ಕೂಡಿಕೆಯನ್ನು ನಕ್ಷೆಯಲ್ಲೇ ಯೋಚಿಸಿರಬೇಕು. ಹಾಗಾಗಿ ಆಚಾರಿಯನ್ನು ಅಡಿಪಾಯ ಮುಗಿದ ಮೇಲೆ ಕರೆಯುವುದರಲ್ಲಿ ಅರ್ಥವಿಲ್ಲ. ಅಡ್ವಾನ್ಸ್ ಕೊಡುವ ಮೊದಲು ನಕ್ಷೆ ಬರೆದವರನ್ನೂ ಆಚಾರಿಯನ್ನೂ ಎದುರುಬದುರು ಕೂರಿಸಿ ಕೇಳಬೇಕು: ಈ ಕಂಬ ಕೆಟ್ಟರೆ, ಮಾಡು ಇಳಿಸದೆ ಹೇಗೆ ತೆಗೆಯುತ್ತೀರಿ?