ಸತ್ಯವಾನ ಎದ್ದ ಮೇಲೆ

ಕಾರು ಓಟದ ಜಗತ್ತಿನ ಯಾರಾದರೂ ದೊಡ್ಡವರು ತೀರಿಕೊಂಡಾಗ ಪತ್ರಿಕೆಗಳಲ್ಲಿ ಬರುವ ಶ್ರದ್ಧಾಂಜಲಿ ಲೇಖನಗಳನ್ನು ನಾನು ಕೆಲವು ವರ್ಷಗಳಿಂದ ಬಿಡದೆ ಓದುತ್ತ ಬಂದಿದ್ದೇನೆ. ಓಟದ ಮೇಲಿನ ಮೋಹದಿಂದಲ್ಲ. ಸುತ್ತಿದಲ್ಲೇ ಸುತ್ತುವ ಆ ಕಾರುಗಳನ್ನು ಟೀವಿಯಲ್ಲಿ ಅರ್ಧ ಗಂಟೆ ನೋಡುವಷ್ಟರಲ್ಲಿ ನನಗೆ ಆಕಳಿಕೆ ಬರುತ್ತದೆ. ನನ್ನ ಕುತೂಹಲವೆಲ್ಲ ಆ ಬರವಣಿಗೆಯ ಮೇಲೆ. ಒಂದು ಬದುಕು ಮುಗಿದ ಮರುದಿನ ಅದರಲ್ಲಿ ಯಾವುದನ್ನು ಎಣಿಸುತ್ತಾರೆ, ಯಾವುದನ್ನು ಎಣಿಕೆಗೆ ಹಿಡಿಯುವುದಿಲ್ಲ ಎನ್ನುವುದು ಈ ಲೇಖನಗಳಲ್ಲಿ ಕಾಣುವಷ್ಟು ಸ್ಪಷ್ಟವಾಗಿ ಬೇರೆಲ್ಲೂ ಕಾಣದು. ಸೆಕೆಂಡಿನ ಸಾವಿರದಲ್ಲೊಂದು ಭಾಗವನ್ನೂ ಬಿಡದೆ ಲೆಕ್ಕ ಇಡುವ ಜನ ತಾನೆ ಅವರು!

ಈಚೆಗೆ ಹೀಗೆ ಹೋದವರು ಹಲವರು. 2019ರಲ್ಲಿ ನಿಕಿ ಲೌಡಾ, 2020ರಲ್ಲಿ ಸ್ಟರ್ಲಿಂಗ್ ಮಾಸ್, 2025ರಲ್ಲಿ ಎಡ್ಡಿ ಜೋರ್ಡನ್. ಆದರೆ ನನ್ನನ್ನು ಬಹಳ ದಿನ ಕಾಡಿದ್ದು 2021ರ ನವೆಂಬರ್ 28ರಂದು ತನ್ನ 79ನೇ ವಯಸ್ಸಿನಲ್ಲಿ ತೀರಿಕೊಂಡ ಫ್ರಾಂಕ್ ವಿಲಿಯಮ್ಸ್. ನಿಜ ಹೇಳಬೇಕೆಂದರೆ, ಅವನಿಗಿಂತ ಹೆಚ್ಚಾಗಿ ಅವನ ಹೆಂಡತಿ ಜಿನ್ನಿ.

ಫ್ರಾಂಕ್ ದೊಡ್ಡ ಓಟಗಾರನೇನಲ್ಲ, ಓಟದ ತಂಡ ಕಟ್ಟಿದವನು. ಇಂಗ್ಲೆಂಡಿನ ಸೌತ್ ಶೀಲ್ಡ್ಸ್ ಎಂಬ ಊರಿನಲ್ಲಿ ಹುಟ್ಟಿದ ಈ ಹುಡುಗನಿಗೆ ಕಾರಿನ ಹುಚ್ಚು ಒಂದನ್ನು ಬಿಟ್ಟರೆ ಕೈಯಲ್ಲಿ ಕಾಸಿರಲಿಲ್ಲ. ಬಿಲ್ಲು ಕಟ್ಟದೆ ಫೋನು ಕಡಿದುಹೋದಾಗ ರಸ್ತೆಬದಿಯ ಟೆಲಿಫೋನ್ ಬೂತಿನಲ್ಲಿ ನಿಂತು ವ್ಯವಹಾರ ನಡೆಸಿದವನು. 1977ರಲ್ಲಿ ಪ್ಯಾಟ್ರಿಕ್ ಹೆಡ್ ಎಂಬ ಇಂಜಿನಿಯರನ ಜೊತೆ ಸೇರಿ ಹೊಸದಾಗಿ ತಂಡ ಕಟ್ಟಿದ. 1979ರಲ್ಲಿ ಸಿಲ್ವರ್‌ಸ್ಟೋನಿನಲ್ಲಿ ಮೊದಲ ಗೆಲುವು, ಮರುವರ್ಷವೇ ವಿಶ್ವ ಪ್ರಶಸ್ತಿ. ಅಲ್ಲಿಂದ ಮುಂದೆ ತಂಡಕ್ಕೆ 9 ಪ್ರಶಸ್ತಿ, ಅದರ ಚಾಲಕರಿಗೆ 7 ಪ್ರಶಸ್ತಿ, ಒಟ್ಟು 114 ಗೆಲುವು. 1999ರಲ್ಲಿ ರಾಣಿಯಿಂದ ಸರ್ ಪದವಿ.

ಈ ಲೆಕ್ಕದ ನಡುವೆ ಒಂದು ತಾರೀಖು ಬರುತ್ತದೆ: 1986ರ ಮಾರ್ಚ್ 8. ದಕ್ಷಿಣ ಫ್ರಾನ್ಸಿನ ಪಾಲ್ ರಿಕಾರ್ ಎಂಬ ಓಟದ ಅಂಗಳದಲ್ಲಿ ಹೊಸ ಕಾರಿನ ಪರೀಕ್ಷೆ ನೋಡಿಕೊಂಡು, ಬಾಡಿಗೆ ಕಾರಿನಲ್ಲಿ ನೀಸ್ ವಿಮಾನ ನಿಲ್ದಾಣಕ್ಕೆ ಆತ ಹೊರಟಿದ್ದ. ಮರುದಿನ ಲಂಡನ್ನಿನಲ್ಲಿ ಅರ್ಧ ಮ್ಯಾರಥಾನ್ ಓಡಬೇಕಿತ್ತು. ಎಂದಿನ ಅವಸರ, ಎಂದಿನ ವೇಗ. ಕಾರು ರಸ್ತೆ ಬಿಟ್ಟು ಉರುಳಿತು. ಜೊತೆಗಿದ್ದವನಿಗೆ ಸಣ್ಣಪುಟ್ಟ ಗಾಯ; ಇವನಿಗೆ ಕತ್ತಿನ ಮೂಳೆ ಮುರಿದು ಕೈಕಾಲುಗಳ ಶಕ್ತಿಯೇ ಹೋಯಿತು. ಆಗ ಅವನಿಗೆ 43 ವರ್ಷ. ಮುಂದಿನ 35 ವರ್ಷ ಗಾಲಿಕುರ್ಚಿಯಲ್ಲಿ ಕೂತೇ ತಂಡವನ್ನು ಗೆಲ್ಲಿಸಿದ.

ಶ್ರದ್ಧಾಂಜಲಿಗಳೆಲ್ಲ ಇಲ್ಲಿಗೆ ಬಂದಾಗ ದನಿ ಎತ್ತರಿಸುತ್ತವೆ. ಉಕ್ಕಿನ ಮನಸ್ಸು, ಸೋಲರಿಯದ ಛಲ, ಒಂದು ದಿನವೂ ಗೊಣಗದ ಧೀರ. ಇದರಲ್ಲಿ ಸುಳ್ಳೇನೂ ಇಲ್ಲ. ಆದರೆ 35 ವರ್ಷ ಎಂಬ ಅಂಕಿಯನ್ನು ಮಾತ್ರ ನಾನು ಓದಿದವರಲ್ಲಿ ಹೆಚ್ಚಿನವರು ಒಡೆದು ನೋಡಲೇ ಇಲ್ಲ. ಕತ್ತಿನ ಕೆಳಗೆ ಸ್ವಾಧೀನವಿಲ್ಲದ ಒಂದು ದೇಹ ಅಷ್ಟು ವರ್ಷ ಬದುಕಬೇಕಾದರೆ ಅದನ್ನು ಹೊರಳಿಸುವವರು, ಉಣಿಸುವವರು, ಒರೆಸುವವರು, ರಾತ್ರಿ ಎದ್ದು ಉಸಿರಿನ ಸದ್ದು ಕೇಳಿಸಿಕೊಳ್ಳುವವರು ಬೇಕು. ಮನೆಯಲ್ಲಿ ಹಾಸಿಗೆ ಹಿಡಿದವರನ್ನು ನೋಡಿಕೊಂಡ ಯಾವ ಹೆಣ್ಣಿಗೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಶ್ರದ್ಧಾಂಜಲಿಗಳಲ್ಲಿ ಹೆಂಡತಿಗೆ ಸಿಕ್ಕಿದ್ದು ಒಂದು ವಾಕ್ಯ, ಬಹಳವೆಂದರೆ ಎರಡು. ನಮ್ಮ ಪತ್ರಿಕೆಗಳ ಮಾತು ಬೇರೆಯೇ? 'ಮೃತರು ಪತ್ನಿ, ಇಬ್ಬರು ಪುತ್ರರು ಹಾಗೂ ಅಪಾರ ಬಂಧುಬಳಗವನ್ನು ಅಗಲಿದ್ದಾರೆ.' ಹೆಂಡತಿಗೆ ಅಲ್ಲಿ ಹೆಸರೂ ಇರುವುದಿಲ್ಲ.

ಜಿನ್ನಿ, ಅಂದರೆ ವರ್ಜೀನಿಯಾ, ಫ್ರಾಂಕನನ್ನು ಮದುವೆಯಾದದ್ದು 1974ರಲ್ಲಿ. ಟೆಲಿಫೋನ್ ಬೂತಿನ ಕಥೆಯನ್ನು ಎಲ್ಲರೂ ಚಪ್ಪರಿಸಿ ಹೇಳುತ್ತಾರೆ. ಅದೇ ಕಾಲದಲ್ಲಿ ಆಕೆ ತನ್ನ ಸ್ವಂತದ ಫ್ಲ್ಯಾಟು ಮಾರಿ ಅವನ ಓಟಕ್ಕೆ ಹಣ ಕೊಟ್ಟದ್ದನ್ನು ಹೇಳುವವರು ಕಡಿಮೆ. ಹೆಣ್ಣಿನ ಹೆಸರಲ್ಲಿದ್ದ ಆಸ್ತಿ ಅದು. ನಮ್ಮಲ್ಲಾದರೆ ಬಳೆ ಬಿಚ್ಚಿ ಕೊಟ್ಟಳು ಎನ್ನುತ್ತಿದ್ದೆವು. ಗಂಡನಿಗೆ ಓಟ ಮೊದಲು, ಮನೆ ಆಮೇಲೆ ಎನ್ನುವುದು ಆಕೆಗೆ ಮೊದಲೇ ಗೊತ್ತಿತ್ತು, ಗೊತ್ತಿದ್ದೂ ಒಪ್ಪಿಕೊಂಡಿದ್ದಳು.

ಅಪಘಾತವಾದಾಗ ಮೂರು ಮಕ್ಕಳು, ನಡುವಿನವಳು ಕ್ಲೇರ್‌ಗೆ 9 ವರ್ಷ. ಫ್ರಾನ್ಸಿನ ಆಸ್ಪತ್ರೆಯಲ್ಲಿ ವೈದ್ಯರು ಆಸೆ ಬಿಟ್ಟಾಗಲೂ ಈಕೆ ಬಿಡಲಿಲ್ಲ. ಓಟದ ಲೋಕದ ಹೆಸರಾಂತ ವೈದ್ಯ ಸಿಡ್ ವಾಟ್ಕಿನ್ಸನ ನೆರವಿನಿಂದ ಗಂಡನನ್ನು ಲಂಡನ್ನಿಗೆ ತಂದಳು, ಉಳಿಸಿಕೊಂಡಳು. ಆ ವರ್ಷದ ಜುಲೈಯಲ್ಲಿ ಬ್ರಾಂಡ್ಸ್ ಹ್ಯಾಚಿನಲ್ಲಿ ನೈಜೆಲ್ ಮ್ಯಾನ್ಸೆಲ್ ಅವರ ಕಾರಿನಲ್ಲಿ ಗೆದ್ದಾಗ, ತಂಡಕ್ಕೆ ಸಲ್ಲುವ ಬಹುಮಾನವನ್ನು ಪಡೆಯಲು ವೇದಿಕೆ ಹತ್ತಿದವಳು ಜಿನ್ನಿ. ಗಂಡಸರೇ ತುಂಬಿ ನಿಲ್ಲುತ್ತಿದ್ದ ಜಾಗ ಅದು.

ಇಷ್ಟು ಕೇಳಿದೊಡನೆ ನಮಗೆ ನೆನಪಾಗುವುದು ಸಾವಿತ್ರಿಯೇ. ಸಹಜ. ವಟಸಾವಿತ್ರಿ ವ್ರತದಲ್ಲಿ ಆಲದ ಮರಕ್ಕೆ ದಾರ ಸುತ್ತುತ್ತ ಕೇಳಿದ ಕಥೆ, ಯಮನ ಬೆನ್ನು ಬಿಡದೆ ಹೋಗಿ ಗಂಡನ ಪ್ರಾಣ ತಂದವಳ ಕಥೆ. ಆದರೆ ಅಲ್ಲಿ ಸತ್ಯವಾನ ನಿದ್ದೆಯಿಂದ ಎದ್ದವನಂತೆ ಎದ್ದು ಮನೆಗೆ ನಡೆಯುತ್ತಾನೆ. ಮಾವನಿಗೆ ಕಣ್ಣು ಬರುತ್ತದೆ, ಕಳೆದ ರಾಜ್ಯ ಕೈ ಸೇರುತ್ತದೆ, ಕಥೆ ಮುಗಿಯುತ್ತದೆ. ಜಿನ್ನಿಯ ಕಥೆ ಶುರುವಾಗುವುದು ಅಲ್ಲಿಂದ. ಆಕೆಯ ಸತ್ಯವಾನ ಬದುಕಿದ, ಏಳಲಿಲ್ಲ. ಹಾಗೆ ನೋಡಿದರೆ ಆತ ಬೇಗನೆ ಎದ್ದುಬಿಟ್ಟ ಎಂದೂ ಹೇಳಬಹುದು. ಮನೆಯಲ್ಲಿ ಉಳಿಯುವ ಬದಲು ಮತ್ತೆ ಕಾರ್ಖಾನೆಗೆ, ಮತ್ತೆ ಓಟಕ್ಕೆ ಹೊರಟುಹೋದ.

1991ರಲ್ಲಿ ಆಕೆ ಒಂದು ಪುಸ್ತಕ ಬರೆದಳು. ಪಮೇಲಾ ಕಾಕೆರಿಲ್ ಎಂಬ ಲೇಖಕಿ ಆಕೆಯ ಮಾತನ್ನು ಟೇಪಿನಲ್ಲಿ ಹಿಡಿದುಕೊಂಡು ನೆರವಾದಳು. 'ಬೇರೆಯೇ ಬಗೆಯ ಬದುಕು' ಎಂಬರ್ಥದ ಅದರ ಹೆಸರು ಹುಟ್ಟಿದ್ದು ಫ್ರಾಂಕನ ಮಾತಿನಿಂದ. ಇಷ್ಟು ವರ್ಷ ಒಂದು ಥರ ಬದುಕಿದೆ, ಇನ್ನು ಇನ್ನೊಂದು ಥರ ಬದುಕುತ್ತೇನೆ ಎಂದು ಆತ ಹಾಸಿಗೆಯಿಂದ ಹೆಂಡತಿಗೆ ಹೇಳಿದ್ದ. ಎಂಥ ಧೈರ್ಯದ ಮಾತು ಎಂದು ಎಲ್ಲರೂ ಮೆಚ್ಚಿದರು. ನನಗೆ ಕಾಣುವುದೇ ಬೇರೆ. ಆ ಮಾತಿನಲ್ಲಿ ಬದಲಾಗುವುದು ಅವನೊಬ್ಬನ ಬದುಕು. ಆಕೆ ಅದನ್ನು ಎತ್ತಿಕೊಂಡು ತನ್ನ ಪುಸ್ತಕದ ಮೇಲೆ ಅಂಟಿಸಿದಾಗ ಅದರ ಅರ್ಥವೇ ತಿರುಗಿತು. ಓಟದಲ್ಲಿ ಆತ ಮಾಡುತ್ತಿದ್ದ ಕೆಲಸ ಹೆಚ್ಚು ಕಡಿಮೆ ಮೊದಲಿನದೇ. ಪೂರ್ತಿ ಬೇರೆಯಾದದ್ದು ಆಕೆಯ ಬದುಕು. ಆಕೆ ಇದನ್ನು ಜಗಳಕ್ಕೆ ನಿಂತು ಹೇಳುವುದಿಲ್ಲ. ಗಂಡನ ಮೇಲಿನ ಪ್ರೀತಿ ಕಡಿಮೆಯಾಗಿದ್ದ ಹೆಂಗಸೂ ಅಲ್ಲ. ಪುಸ್ತಕದ ಬಲ ಇರುವುದೇ ಅಲ್ಲಿ. ಅದರ ದೌರ್ಬಲ್ಯವೂ ಅಲ್ಲೇ ಇದೆ ಎನ್ನಿಸುತ್ತದೆ. ಕೆಲವು ಕಡೆ ಆಕೆ ಗಂಡನನ್ನು ಬೇಗ ಕ್ಷಮಿಸಿಬಿಡುತ್ತಾಳೆ. ಓದುತ್ತಿರುವ ನಮಗೆ ಸಿಟ್ಟು ಇಳಿದೇ ಇರುವುದಿಲ್ಲ. ಇನ್ನೊಂದು ಕೊರತೆ ಆಕೆಯದಲ್ಲ, ಕಾಲದ್ದು. ಪುಸ್ತಕ ಬಂದಾಗ ಅಪಘಾತವಾಗಿ ಐದು ವರ್ಷ. ಆಮೇಲೆ ಆಕೆ 22 ವರ್ಷ ಬದುಕಿದಳು. ಹತ್ತನೆಯ, ಇಪ್ಪತ್ತನೆಯ ವರ್ಷದಲ್ಲಿ ಅದೇ ಆರೈಕೆ ಹೇಗಿತ್ತು ಎಂದು ಬರೆದಿದ್ದರೆ ಅದು ಇನ್ನೂ ದೊಡ್ಡ ಪುಸ್ತಕವಾಗುತ್ತಿತ್ತು.

ಆ ಪುಸ್ತಕವನ್ನು ಫ್ರಾಂಕ್ ಓದಲಿಲ್ಲ. ಹತ್ತಾರು ವರ್ಷ ಮನೆಯಲ್ಲಿದ್ದ ಪುಸ್ತಕ! ಓದಿದರೆ ತಡೆಯಲಾರೆ ಎಂಬ ಅಳುಕೋ, ಕಳೆದದ್ದನ್ನು ತಿರುಗಿ ನೋಡಬಾರದೆಂಬ ಓಟದವರ ಹಟವೋ. ನಾನು ಅವನನ್ನು ಕಲ್ಲೆದೆಯವನೆಂದು ಜರಿಯುವುದಿಲ್ಲ. 1970ರಲ್ಲಿ ಅವನ ತಂಡದ ಕಾರಿನಲ್ಲಿ ಅವನ ಜೀವದ ಗೆಳೆಯ ಪಿಯರ್ಸ್ ಕರೇಜ್ ಹಾಲೆಂಡಿನ ಝಾಂಡ್‌ವೋರ್ಟಿನಲ್ಲಿ ಬೆಂಕಿಗೆ ಸಿಕ್ಕು ಸತ್ತ. ಹೆಂಡತಿ, ಇಬ್ಬರು ಪುಟ್ಟ ಮಕ್ಕಳನ್ನು ಬಿಟ್ಟು. 1994ರಲ್ಲಿ ಇಮೋಲಾದಲ್ಲಿ ಅಯರ್ಟನ್ ಸೆನ್ನಾ ಸತ್ತದ್ದೂ ಇವನ ಕಾರಿನಲ್ಲೇ. ಇಂಥವನ್ನು ಹೊತ್ತು ಮರುವಾರ ಮತ್ತೆ ಓಟಕ್ಕೆ ಹೋಗಬೇಕಾದರೆ ಒಳಗೆ ಒಂದು ಬಾಗಿಲು ಮುಚ್ಚಲೇಬೇಕೇನೋ. ಆದರೆ ಆ ಬಾಗಿಲ ಆಚೆ ಹೆಂಡತಿಯೂ ಉಳಿದಳು.

ಜಿನ್ನಿ ಕ್ಯಾನ್ಸರಿನಿಂದ ತೀರಿಕೊಂಡದ್ದು 2013ರ ಮಾರ್ಚ್ 7ರಂದು. ನಾಲ್ಕು ವರ್ಷದ ಮೇಲೆ, 2017ರಲ್ಲಿ, ಮಾರ್ಗನ್ ಮ್ಯಾಥ್ಯೂಸ್ 'ವಿಲಿಯಮ್ಸ್' ಎಂಬ ಸಾಕ್ಷ್ಯಚಿತ್ರ ಮಾಡಿದ. ಪುಸ್ತಕಕ್ಕಾಗಿ ತುಂಬಿಸಿಟ್ಟಿದ್ದ ಆ ಹಳೆಯ ಟೇಪುಗಳು ಇದರಲ್ಲಿ ಕೇಳಿಸುತ್ತವೆ. ಸತ್ತವಳ ದನಿ ತೆರೆಯ ಮೇಲೆ ಬಂದಾಗ ಸುತ್ತಲಿನ ಗಂಡಸರ ಮಾತೆಲ್ಲ ಸಪ್ಪೆಯಾಗುತ್ತದೆ. ಅಚ್ಚಿನಲ್ಲಿ ಕಾಣದ ಒಂದು ನಿಧಾನ, ಒಂದು ತೊದಲು, ನಗುವಿನಲ್ಲಿ ಮುಚ್ಚಿಕೊಂಡ ಒಂದು ನೋವು ಟೇಪಿನಲ್ಲಿ ಉಳಿದಿದೆ. ಈ ಒಂದು ಕಾರಣಕ್ಕೇ ಆ ಚಿತ್ರ ಎಲ್ಲ ಶ್ರದ್ಧಾಂಜಲಿಗಳಿಗಿಂತ ಮೇಲು.

ಆದರೂ ಚಿತ್ರದ ಬಗ್ಗೆ ನನಗೆ ತಕರಾರಿದೆ. ಮಗಳು ಕ್ಲೇರ್ ಅಮ್ಮನ ಪುಸ್ತಕದ ಮಾತನ್ನು ಅಪ್ಪನ ಮುಂದೆ ಎತ್ತುತ್ತಾಳೆ. ಅಲ್ಲಿ ಕ್ಯಾಮೆರಾ ಮುದುಕನ ಮುಖದ ಮೇಲೆ ಕಾದು ಕೂರುತ್ತದೆ. ಈಗಲಾದರೂ ಕರಗುತ್ತಾನೆಯೇ ಎಂದು. ಅಂದರೆ ಆಕೆಯ ಇಡೀ ಬದುಕಿನ ಕಥೆ ಕೊನೆಗೆ ಅವನ ಕಣ್ಣೀರಿನ ಪರೀಕ್ಷೆಯಾಯಿತು. ಅತ್ತರೆ ಆಕೆಯ ಬಾಳು ಸಾರ್ಥಕ, ಅಳದಿದ್ದರೆ ಅಯ್ಯೋ ಪಾಪ! ಆಕೆ ಏನನ್ನು ಬಿಟ್ಟುಕೊಟ್ಟಳು, ಏನಾಗಬೇಕೆಂದಿದ್ದಳು ಎಂದು ಕೇಳುವುದಕ್ಕಿಂತ ಇದು ಸುಲಭದ ದಾರಿ.

ಚಿತ್ರ ಚೆನ್ನಾಗಿ ಹಿಡಿದದ್ದು ಮಕ್ಕಳ ಸಂಗತಿಯನ್ನು. ತಾಯಿ ಸತ್ತ ತಿಂಗಳಲ್ಲೇ ಕ್ಲೇರ್ ತಂಡದ ಉಪಮುಖ್ಯಸ್ಥೆಯಾದಳು; ಹಿರಿಯ ಮಗ ಜೊನಾಥನ್‌ಗೆ ಆ ಜಾಗ ಸಿಗಲಿಲ್ಲ. ಅಣ್ಣತಂಗಿಯರ ನಡುವಿನ ಆ ಬಿರುಕನ್ನು ಚಿತ್ರ ಮುಚ್ಚಿಡುವುದಿಲ್ಲ. ಮುಂದೆ ತಂಡ ಸೋಲುತ್ತ ಹೋಯಿತು, 2020ರಲ್ಲಿ ಮಾರಾಟವಾಯಿತು. ಆ ಸೆಪ್ಟೆಂಬರಿನಲ್ಲಿ ಮೊಂಝಾದ ಓಟ ಮುಗಿಸಿ ಕ್ಲೇರ್ ಹೊರಬಂದಳು. ಅಪ್ಪ ಕಟ್ಟಿದ್ದನ್ನು ಮಗಳು ಉಳಿಸಿಕೊಳ್ಳಲಿಲ್ಲ ಎಂಬ ಮಾತು ಎಲ್ಲ ಕಡೆ ಬಂತು. ಅಮ್ಮನ ಫ್ಲ್ಯಾಟಿನ ದುಡ್ಡೂ ಅದರಲ್ಲಿತ್ತು ಎಂದವರು ಎಷ್ಟು ಜನ?

ಇದು ವಿಲಿಯಮ್ಸ್ ಮನೆಯೊಂದರ ಮಾತಲ್ಲ. ಅರವತ್ತು, ಎಪ್ಪತ್ತರ ದಶಕಗಳಲ್ಲಿ ಓಟದ ಅಂಚಿನಲ್ಲಿ ಸ್ಟಾಪ್‌ವಾಚ್ ಹಿಡಿದು, ಮಡಿಲಲ್ಲಿ ಹಲಗೆ ಇಟ್ಟುಕೊಂಡು ಸುತ್ತುಗಳ ಲೆಕ್ಕ ಬರೆಯುತ್ತಿದ್ದವರಲ್ಲಿ ಓಟಗಾರರ ಹೆಂಡಿರು ಅನೇಕರು. ಜಾಕಿ ಸ್ಟೀವರ್ಟ್‌ನ ಹೆಂಡತಿ ಹೆಲೆನ್ ಇದಕ್ಕೆ ಹೆಸರಾಗಿದ್ದಳು. ಒಂದು ಸುತ್ತು ಹೋದ ಗಂಡ ಮತ್ತೆ ಬರುವ ಹೊತ್ತಿಗೆ ಬಾರದಿದ್ದರೆ ಮೊದಲು ಗೊತ್ತಾಗುತ್ತಿದ್ದುದು ಗಡಿಯಾರ ಹಿಡಿದ ಆ ಕೈಗೆ. ಚರಿತ್ರೆಯಲ್ಲಿ ಉಳಿದ ವೇಗದ ಅಂಕಿಗಳಲ್ಲಿ ಎಷ್ಟು ಆ ಹೆಂಗಸರ ಬರಹವೋ.

ಹೆಂಡತಿಯರ ಮಾತು ಹಾಗಿರಲಿ, ಸ್ವತಃ ಕಾರು ಓಡಿಸಿದ ಹೆಣ್ಣು ಸತ್ತಾಗಲಾದರೂ ಲೆಕ್ಕ ಸರಿಯಾಗುತ್ತದೆಯೇ? 2021ರ ಮಾರ್ಚಿನಲ್ಲಿ ಜರ್ಮನಿಯ ಸಬೀನ್ ಶ್ಮಿಟ್ಸ್ 51ನೇ ವಯಸ್ಸಿಗೆ ಕ್ಯಾನ್ಸರಿನಿಂದ ಹೋದಾಗ, ಇಂಗ್ಲಿಷ್ ಪತ್ರಿಕೆಗಳು ಮೊದಲಿಗೆ ನೆನೆದದ್ದು ಒಂದು ಟೀವಿ ಕಾರ್ಯಕ್ರಮವನ್ನು. ಸಾಮಾನು ಸಾಗಿಸುವ ವ್ಯಾನಿನಲ್ಲಿ ಗಂಡಸರನ್ನು ನಾಚಿಸುವಂತೆ ಆಕೆ ಓಡಿಸಿದ್ದಳು, ಚೆನ್ನಾಗಿಯೇ ಇತ್ತು. ಆದರೆ 1996 ಮತ್ತು 1997ರಲ್ಲಿ ನ್ಯೂರ್‌ಬರ್ಗ್‌ರಿಂಗ್‌ನ 24 ಗಂಟೆಗಳ ಓಟವನ್ನು ಗೆದ್ದವರಲ್ಲಿ ಆಕೆ ಒಬ್ಬಳು; ಆ ಓಟವನ್ನು ಗೆದ್ದ ಮೊದಲ ಹೆಣ್ಣು. ಅದು ಎಷ್ಟೋ ಕಡೆ ಕೆಳಗಿನ ಸಾಲುಗಳಿಗೆ ಹೋಗಿತ್ತು. ನ್ಯೂರ್‌ಬರ್ಗ್‌ರಿಂಗ್‌ನವರು ಮಾತ್ರ ಅದೇ ವರ್ಷ ಅಲ್ಲಿಯ ಮೊದಲ ತಿರುವಿಗೆ ಆಕೆಯ ಹೆಸರಿಟ್ಟರು.

2023ರ ಡಿಸೆಂಬರಿನಲ್ಲಿ 86ನೇ ವಯಸ್ಸಿಗೆ ತೀರಿಕೊಂಡ ಐರ್ಲೆಂಡಿನ ರೋಸ್‌ಮೇರಿ ಸ್ಮಿತ್‌ಳದು ಇನ್ನೊಂದು ಬಗೆ. ಉಡುಪು ವಿನ್ಯಾಸ ಕಲಿತು ಬಟ್ಟೆ ಹೊಲಿಯುತ್ತಿದ್ದ ಹುಡುಗಿ, ರ‍್ಯಾಲಿಯಲ್ಲಿ ನಕ್ಷೆ ನೋಡಿ ದಾರಿ ಹೇಳಲೆಂದು ಕಾರು ಹತ್ತಿದಳು. ನಕ್ಷೆ ತಲೆಗೆ ಹತ್ತಲಿಲ್ಲ, ಸ್ಟಿಯರಿಂಗ್ ಹಿಡಿದಳು. 1965ರಲ್ಲಿ ಹಾಲೆಂಡಿನ ಟ್ಯೂಲಿಪ್ ರ‍್ಯಾಲಿಯಲ್ಲಿ ಹಿಲ್‌ಮನ್ ಇಂಪ್ ಎಂಬ ಪುಟ್ಟ ಕಾರಿನಲ್ಲಿ ಗಂಡಸರನ್ನೂ ಹಿಂದೆ ಹಾಕಿ ಮೊದಲಿಗಳಾದಳು. ಮರುವರ್ಷ ಮಾಂಟೆಕಾರ್ಲೋದಲ್ಲಿ ಮಹಿಳೆಯರ ಬಹುಮಾನ ಆಕೆಗೆ ಬಂದೇಬಿಟ್ಟಿತ್ತು. ಹೆಡ್‌ಲೈಟಿನ ನಿಯಮ ಮುಂದೊಡ್ಡಿ ಬೇರೆ ಕೆಲವು ಬ್ರಿಟಿಷ್ ಕಾರುಗಳ ಜೊತೆ ಆಕೆಯ ಕಾರನ್ನೂ ಹೊರಗಿಟ್ಟರು. ಶ್ರದ್ಧಾಂಜಲಿ ಬರೆದವರಿಗೆ ಇದೆಲ್ಲ ಗೊತ್ತಿತ್ತು, ಬರೆದರು. ಆದರೆ ಆಕೆಯ ಹೊಂಬಣ್ಣದ ಕೂದಲು, ಎತ್ತರ, ಚೆಲುವು ಇವನ್ನು ದಾಟದೆ ಕಾರಿನ ಬಳಿ ಬಂದವರು ನನಗೆ ಹೆಚ್ಚು ಸಿಗಲಿಲ್ಲ. ಫ್ರಾಂಕ್ ವಿಲಿಯಮ್ಸನ ಕೂದಲ ಬಣ್ಣವನ್ನು ಯಾರೂ ಹೇಳಲಿಲ್ಲ.

ರೋಸ್‌ಮೇರಿ ತನ್ನ ಆತ್ಮಕಥೆಯನ್ನು 2018ರಲ್ಲಿ ತಂದಳು. ಅದಕ್ಕೆ ಒಂದು ವರ್ಷ ಮುಂಚೆ, 79ನೇ ವಯಸ್ಸಿನಲ್ಲಿ, ರೆನೋ ಕಂಪನಿಯವರು ಆಕೆಯನ್ನು ಫಾರ್ಮುಲಾ ಒನ್ ಕಾರಿನಲ್ಲಿ ಕೂರಿಸಿದ್ದರು. 800 ಅಶ್ವಶಕ್ತಿಯ ಕಾರು. ಓಡಿಸಿದ್ದು ಪಾಲ್ ರಿಕಾರ್‌ನಲ್ಲಿ, 1986ರ ಆ ಸಂಜೆ ಫ್ರಾಂಕ್ ಅವಸರದಲ್ಲಿ ಬಿಟ್ಟು ಹೊರಟಿದ್ದ ಅದೇ ಅಂಗಳದಲ್ಲಿ. ಹೆಲ್ಮೆಟ್ ಹಾಕಿಕೊಂಡು ಆ ಇಕ್ಕಟ್ಟಿನ ಗೂಡಿನೊಳಗೆ ಇಳಿದು ಕೂತ ಅಜ್ಜಿ, ಸುತ್ತು ಹಾಕಿ ಕಾರನ್ನು ನೆಟ್ಟಗೆ ತಂದು ನಿಲ್ಲಿಸಿದಳು.